ಕೆಟ್ಟಿದೆ ಎಂದು ಬರೆಯುವ ಮುನ್ನ: ಸ್ವಾಪ್ ಜಾಗ ಮತ್ತು ನಮ್ಮ ಐಸಿಟಿ ಅಭ್ಯಾಸ

ನಮ್ಮ ಬಿ.ಇಡಿ. ಕೋರ್ಸಿನ ಐಸಿಟಿ ಪತ್ರಿಕೆಯಲ್ಲಿ ಗಣಕಯಂತ್ರಕ್ಕೆ ಸ್ವಾಪ್ ಜಾಗ ಹೊಂದಿಸುವ ಒಂದು ಗಂಟೆಯ ಪ್ರಯೋಗ ಇರಬೇಕು ಎಂದು ನಾನು ವಾದಿಸುತ್ತೇನೆ. ವಾದ ಸಣ್ಣದು, ವಿಷಯವೂ ಸಣ್ಣದು. ಎನ್‌ಸಿಟಿಇ 2014ರಲ್ಲಿ ಎರಡು ವರ್ಷದ ಬಿ.ಇಡಿ.ಯನ್ನು ರೂಪಿಸಿದಾಗ ಐಸಿಟಿಯ ‘ವಿಮರ್ಶಾತ್ಮಕ ತಿಳಿವಳಿಕೆ’ ಎಂಬ ಹೆಸರಿನಲ್ಲೇ ಒಂದು ಪತ್ರಿಕೆಯನ್ನು ಇಟ್ಟಿತು. ಆ ವಿಶೇಷಣವನ್ನು ನಾವು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದೇವೆ? ನಮ್ಮಲ್ಲಿ ಬಹುತೇಕರ ಪ್ರಾಯೋಗಿಕ ಪುಸ್ತಕ ತೆರೆದು ನೋಡಿದರೆ ಮೂರು ಸ್ಲೈಡ್ ಪ್ರದರ್ಶನ, ಒಂದು ಅಂಕಪಟ್ಟಿ ಹಾಳೆ, ಒಂದು ಇಮೇಲ್ ಖಾತೆ ಸಿಗುತ್ತದೆ. ಯಂತ್ರ ನಡೆಯುತ್ತಿರುವಾಗ ಏನು ಮಾಡಬೇಕೆಂಬುದು ಇಷ್ಟರಲ್ಲಿದೆ. ನಡೆಯದಿದ್ದಾಗ ಏನು ಮಾಡಬೇಕೆಂಬುದು ಎಲ್ಲೂ ಇಲ್ಲ.

ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತ, ಗಣಕವಿಜ್ಞಾನ ಓದಿದವನು. ಬೋಧನಾಭ್ಯಾಸಕ್ಕೆ ಹೋದ ಪ್ರೌಢಶಾಲೆಯಲ್ಲಿ (ಹೆಸರು ಇಲ್ಲಿ ಬೇಡ) 14 ಗಣಕಯಂತ್ರಗಳಿದ್ದವು. ಒಂದೊಂದರಲ್ಲೂ 2 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, ಉಬುಂಟು 18.04. ಜಿಯೋಜೀಬ್ರಾ ತೆರೆದು, ಪಕ್ಕದಲ್ಲಿ ಬ್ರೌಸರ್ ತೆರೆದರೆ ಸಾಕು, ಮೌಸಿನ ಬಾಣ ನಿಂತುಬಿಡುತ್ತಿತ್ತು. ಮಕ್ಕಳು ಪವರ್ ಗುಂಡಿಯನ್ನು ಒತ್ತಿ ಹಿಡಿದು ಯಂತ್ರ ಆರಿಸುವುದನ್ನು ಚೆನ್ನಾಗಿ ಕಲಿತಿದ್ದರು. ಆ ಪ್ರಯೋಗಾಲಯದಲ್ಲಿ ಅವರು ನಿಜವಾಗಿ ಕರಗತ ಮಾಡಿಕೊಂಡ ಕೌಶಲ ಅದೊಂದೇ ಎಂದರೂ ತಪ್ಪಾಗದು. ದಾಸ್ತಾನು ಪುಸ್ತಕದಲ್ಲಿ 14ಕ್ಕೆ 14ರ ಮುಂದೆಯೂ ‘ಕೆಟ್ಟಿದೆ’ ಎಂದು ಬರೆದಿತ್ತು. ರದ್ದುಪಡಿಸುವ ಪಟ್ಟಿ ಕೆಲವೇ ದಿನಗಳಲ್ಲಿ ಮೇಲಿನ ಕಚೇರಿಗೆ ಹೋಗುವುದಿತ್ತು. ಬದಲಿ ಯಂತ್ರ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಹತ್ತನೆಯ ತರಗತಿ ಮುಗಿಸಿ ಹೋಗುವ ಮಗುವಿಗಂತೂ ಅದು ಬರುವುದೇ ಇಲ್ಲ.

ಟರ್ಮಿನಲ್‌ನಲ್ಲಿ ‘ಫ್ರೀ’ ಎಂಬ ಆದೇಶ ಕೊಟ್ಟರೆ ಮೆಮೊರಿಯ ಲೆಕ್ಕ ಎರಡು ಸಾಲಿನಲ್ಲಿ ಬರುತ್ತದೆ. ಮೇಲಿನ ಸಾಲು ರ‍್ಯಾಮಿನದು, ಕೆಳಗಿನದು ಸ್ವಾಪಿನದು. ಅಲ್ಲಿ ಕೆಳಗಿನ ಸಾಲಿನಲ್ಲಿ ಉದ್ದಕ್ಕೂ ಸೊನ್ನೆ. ಹಿಂದೆ ಯಾರೋ ಡಿಸ್ಕನ್ನು ಕೈಯಾರೆ ವಿಭಾಗಿಸುವಾಗ ಸ್ವಾಪ್ ಎಂಬುದನ್ನು ಬಿಟ್ಟು ಮುಂದೆ ಹೋಗಿದ್ದರು. ಅದೇ ಪ್ರತಿಯನ್ನು ಎಲ್ಲ ಯಂತ್ರಗಳಿಗೂ ಇಳಿಸಿದ್ದರು. ಒಂದು ಖಾಲಿ ಸಾಲಿನ ಕಾರಣಕ್ಕೆ 14 ಯಂತ್ರಗಳು ಗುಜರಿಗೆ ಹೊರಟಿದ್ದವು ಎಂದರೆ ಅತಿಶಯ, ಏಕೆಂದರೆ ರ‍್ಯಾಮ್ ಕಡಿಮೆ ಇದ್ದದ್ದೂ ನಿಜ. ಆದರೆ ಅರ್ಧ ಕಾರಣವಾದರೂ ಅದೇ.

ಸ್ವಾಪ್ ಎಂದರೇನು ಎಂಬುದನ್ನು ಗಣಕವಿಜ್ಞಾನ ಓದದ ಸಹಪಾಠಿಗಳಿಗಾಗಿ ಹೇಳಿಬಿಡುತ್ತೇನೆ. ರ‍್ಯಾಮ್ ಅಡುಗೆಮನೆಯ ಕಟ್ಟೆ ಇದ್ದಂತೆ. ಕೆಲಸಕ್ಕೆ ಬೇಕಾದದ್ದೆಲ್ಲ ಕೈಗೆಟಕುವಂತೆ ಅಲ್ಲಿರಬೇಕು. ಕಟ್ಟೆ ತುಂಬಿದಾಗ ಸದ್ಯಕ್ಕೆ ಬೇಡದ ಪಾತ್ರೆಯನ್ನು ಅಟ್ಟಕ್ಕೆ ಏರಿಸುತ್ತೇವೆ. ಹಾರ್ಡ್ ಡಿಸ್ಕಿನಲ್ಲಿ ಇದಕ್ಕೆಂದೇ ಬಿಟ್ಟಿಟ್ಟ ಜಾಗ ಈ ಅಟ್ಟ. ಕಾರ್ಯಾಚರಣೆ ವ್ಯವಸ್ಥೆ ಮೆಮೊರಿಯನ್ನು ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿ ಎಣಿಸುತ್ತದೆ. ಬಹಳ ಹೊತ್ತಿನಿಂದ ಮುಟ್ಟದ ಪುಟವನ್ನು ಡಿಸ್ಕಿಗೆ ಕಳಿಸಿ, ಬೇಕಾದಾಗ ಮರಳಿ ತರುತ್ತದೆ. ಪ್ರೋಗ್ರಾಮಿಗೆ ತನ್ನ ಪುಟ ಅಟ್ಟಕ್ಕೆ ಹೋಗಿ ಬಂದದ್ದು ಗೊತ್ತಾಗುವುದಿಲ್ಲ. ಸ್ವಲ್ಪ ತಡವಾಯಿತು ಅಷ್ಟೆ. ಇದು ಹೊಸ ಯೋಚನೆಯೂ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಟಾಮ್ ಕಿಲ್ಬರ್ನ್ ಅವರ ತಂಡ ಕಟ್ಟಿ 1962ರಲ್ಲಿ ಚಾಲನೆಗೊಂಡ ಅಟ್ಲಾಸ್ ಗಣಕದಲ್ಲಿ ಮುಖ್ಯ ಮೆಮೊರಿಯನ್ನೂ ತಿರುಗುವ ಕಾಂತೀಯ ಡ್ರಮ್ಮನ್ನೂ ಸೇರಿಸಿ ಒಂದೇ ಉಗ್ರಾಣದಂತೆ ತೋರಿಸುವ ಏರ್ಪಾಡಿತ್ತು. ವಿಂಡೋಸ್ ಬಳಸುವವರ ಯಂತ್ರದಲ್ಲೂ ಪೇಜ್‌ಫೈಲ್ ಎಂಬ ಹೆಸರಿನಲ್ಲಿ ಇದು ಇದ್ದೇ ಇರುತ್ತದೆ. ತಾನಾಗಿಯೇ ನಡೆಯುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಅಟ್ಟದ ಹೋಲಿಕೆಯನ್ನು ನಾನು ಒಂಬತ್ತನೆಯ ತರಗತಿಯಲ್ಲಿ ಬಳಸಿದೆ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದು ಮಕ್ಕಳೇ ಹುಡುಕಲಿ ಎಂದು ಬಿಟ್ಟೆ. ಪಾಠ ಯೋಜನೆಯಲ್ಲಿ ಇದಕ್ಕೆ ಐದು ನಿಮಿಷ ಇತ್ತು, ಹಿಡಿದದ್ದು ಇಪ್ಪತ್ತು. ‘ಅಂಗಡಿಯಲ್ಲಿ ಮತ್ತೆ ಸಿಗುವ ಸಾಮಾನನ್ನು ಅಟ್ಟಕ್ಕೆ ಯಾಕೆ ಏರಿಸಬೇಕು, ಎಸೆದುಬಿಟ್ಟರಾಯಿತಲ್ಲ’ ಎಂದು ಒಬ್ಬಳು ಕೇಳಿದಳು. ಆ ಹುಡುಗಿಗೆ ಗೊತ್ತಿಲ್ಲದೆಯೇ ಲಿನಕ್ಸ್ ಕರ್ನಲ್ ಮಾಡುವ ಒಂದು ಮುಖ್ಯ ಭೇದವನ್ನು ಅವಳು ಹೇಳಿಬಿಟ್ಟಿದ್ದಳು. ಪ್ರೋಗ್ರಾಮಿನ ಸಂಕೇತ, ತೆರೆದ ಕಡತದ ಬದಲಾಗದ ಭಾಗ ಇವುಗಳ ಮೂಲಪ್ರತಿ ಡಿಸ್ಕಿನಲ್ಲಿ ಮೊದಲೇ ಇರುತ್ತದೆ. ಜಾಗ ಬೇಕಾದಾಗ ಕರ್ನಲ್ ಅವನ್ನು ಸುಮ್ಮನೆ ಕೈಬಿಡುತ್ತದೆ, ಬೇಕಾದರೆ ಮತ್ತೆ ಓದಿಕೊಳ್ಳುತ್ತದೆ. ಆದರೆ ಮಗು ಈಗಷ್ಟೇ ಎಳೆದ, ಇನ್ನೂ ಉಳಿಸದ ತ್ರಿಭುಜಕ್ಕೆ ಬೇರೆಲ್ಲೂ ಪ್ರತಿ ಇಲ್ಲ. ಅಂಥದ್ದಕ್ಕೇ ಸ್ವಾಪ್ ಬೇಕು.

ಇಲ್ಲಿಂದ ಒಂದು ತಪ್ಪು ತಿಳಿವಳಿಕೆಯೂ ಬಿಡಿಸಿಕೊಳ್ಳುತ್ತದೆ. ‘ಸ್ವಾಪ್ ಇದ್ದರೆ ಡಿಸ್ಕ್ ಸದಾ ಓಡಾಡುತ್ತದೆ, ತೆಗೆದುಬಿಟ್ಟರೆ ಯಂತ್ರ ಚುರುಕಾಗುತ್ತದೆ’ ಎಂದು ಯಂತ್ರ ದುರಸ್ತಿ ಮಾಡುವವರೂ ಹೇಳುವುದನ್ನು ಕೇಳಿದ್ದೇನೆ. ಸ್ವಾಪ್ ಇಲ್ಲದ ಯಂತ್ರದಲ್ಲಿ ರ‍್ಯಾಮ್ ತುಂಬಿದಾಗ ಕರ್ನಲ್‌ಗೆ ಕೈಬಿಡಲು ಸಿಗುವುದು ಮೇಲೆ ಹೇಳಿದ ಮೂಲಪ್ರತಿ ಇರುವ ಪುಟಗಳು ಮಾತ್ರ. ಹಾಗಾಗಿ ಅದು ನಡೆಯುತ್ತಿರುವ ಪ್ರೋಗ್ರಾಮಿನ ಸಂಕೇತವನ್ನೇ ಬಿಡುತ್ತದೆ, ಮರುಕ್ಷಣ ಬೇಕೆಂದು ಮತ್ತೆ ಓದುತ್ತದೆ, ಮತ್ತೆ ಬಿಡುತ್ತದೆ. ಬೆಳಗಿನಿಂದ ಯಾರೂ ನೋಡದ ಕಿಟಕಿಯೊಂದು ಮಾತ್ರ ರ‍್ಯಾಮಿನಲ್ಲಿ ಹಾಯಾಗಿ ಕುಳಿತಿರುತ್ತದೆ. ಆ ಪ್ರಯೋಗಾಲಯದಲ್ಲಿ ಮೌಸ್ ನಿಂತಾಗಲೂ ಡಿಸ್ಕಿನ ಕೆಂಪು ದೀಪ ಬಿಡದೆ ಮಿನುಗುತ್ತಿದ್ದದ್ದು ಈ ಕಾರಣಕ್ಕೆ. ಕೊನೆಗೆ ದಾರಿ ಕಾಣದಾದಾಗ ಕರ್ನಲ್ ಯಾವುದೋ ಒಂದು ಪ್ರೋಗ್ರಾಮನ್ನು ಆರಿಸಿ ಮುಚ್ಚಿಹಾಕುತ್ತದೆ. ಹೆಚ್ಚು ಮೆಮೊರಿ ತಿನ್ನುವುದೇ ಬಲಿ. ಅಂದರೆ ಹೆಚ್ಚಿನ ಸಲ ಮಗು ಕೆಲಸ ಮಾಡುತ್ತಿರುವುದೇ.

ಹೊಂದಿಸುವ ಕೆಲಸ ನಿಜಕ್ಕೂ ಚಿಕ್ಕದು. ಡಿಸ್ಕನ್ನು ಮತ್ತೆ ವಿಭಾಗಿಸಬೇಕಿಲ್ಲ. ಒಂದು ಕಡತವೇ ಸ್ವಾಪ್ ಆಗಬಲ್ಲದು. ಉಬುಂಟು ಕೂಡ 17.04ರ ಆವೃತ್ತಿಯಿಂದ ಸಾಮಾನ್ಯ ಸ್ಥಾಪನೆಯಲ್ಲಿ ಪ್ರತ್ಯೇಕ ವಿಭಾಗದ ಬದಲು ಕಡತವನ್ನೇ ಬಳಸುತ್ತದೆ. ‘ಎಫ್‌ಅಲೊಕೇಟ್’ ಆದೇಶದಿಂದ ಮೂಲ ಕೋಶದಲ್ಲಿ 2 ಜಿಬಿಯ ‘ಸ್ವಾಪ್‌ಫೈಲ್’ ಎಂಬ ಕಡತ ಮಾಡುವುದು, ‘ಸಿಎಚ್‌ಮಾಡ್ 600’ ಎಂದು ಅದರ ಅನುಮತಿಯನ್ನು ಬಿಗಿ ಮಾಡುವುದು, ‘ಎಂಕೆಸ್ವಾಪ್’ ಎಂದು ಅದನ್ನು ಸ್ವಾಪ್ ರೂಪಕ್ಕೆ ತರುವುದು, ‘ಸ್ವಾಪ್‌ಆನ್’ ಎಂದು ಬಳಕೆಗೆ ಬಿಡುವುದು. ಎಲ್ಲಕ್ಕೂ ಮೊದಲು ‘ಸುಡೊ’ ಸೇರಿಸಬೇಕು, ಅಂದರೆ ನಿರ್ವಾಹಕರ ಗುಪ್ತಪದ ಬೇಕು. ಇಷ್ಟು ಮಾಡಿದರೆ ಯಂತ್ರ ಆರುವವರೆಗೆ ನಡೆಯುತ್ತದೆ. ಮರುದಿನವೂ ಬೇಕಾದರೆ ‘ಇಟಿಸಿ’ ಕೋಶದ ‘ಎಫ್‌ಎಸ್‌ಟ್ಯಾಬ್’ ಕಡತದ ಕೊನೆಗೆ ಒಂದು ಸಾಲು ಸೇರಿಸಬೇಕು. ಈ ಹೆಜ್ಜೆಯಲ್ಲಿ ಮಾತ್ರ ಎಚ್ಚರ: ಆ ಕಡತದಲ್ಲಿ ಒಂದು ಸಾಲು ಹಾಳಾದರೆ ಯಂತ್ರ ಸರಿಯಾಗಿ ಏಳದೆ ಹೋಗಬಹುದು. ಮೊದಲು ಅದರ ಪ್ರತಿ ತೆಗೆದಿಟ್ಟೇ ಮುಂದುವರಿಯಬೇಕು. ಕೊನೆಗೆ ಮತ್ತೆ ‘ಫ್ರೀ’ ಎಂದರೆ ಸೊನ್ನೆಗಳಿದ್ದ ಸಾಲಿನಲ್ಲಿ 2 ಜಿಬಿ ಕಾಣುತ್ತದೆ.

600 ಎಂಬ ಅಂಕಿಯನ್ನು ಮಂತ್ರದಂತೆ ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಓದುವುದಕ್ಕೆ 4, ಬರೆಯುವುದಕ್ಕೆ 2, ಕೂಡಿದರೆ 6; ಅದು ಕಡತದ ಒಡೆಯನಿಗೆ, ಇಲ್ಲಿ ನಿರ್ವಾಹಕರಿಗೆ. ಉಳಿದ ಎರಡು ಸೊನ್ನೆ ಬೇರೆ ಎಲ್ಲರಿಗೂ. ಯಾಕೆ ಇಷ್ಟು ಬಿಗಿ? ಅಟ್ಟಕ್ಕೆ ಹೋಗುವ ಪುಟಗಳಲ್ಲಿ ಯಾರದೋ ಗುಪ್ತಪದ ಇರಬಹುದು, ಯಾರದೋ ಅರ್ಧ ಬರೆದ ಪತ್ರ ಇರಬಹುದು. ಖಾಸಗಿತನದ ಬಗ್ಗೆ ನಾವು ಮಾಡುವ ಉಪದೇಶದ ಪಾಠಕ್ಕಿಂತ ಈ ಮೂರು ಅಂಕಿ ಮಕ್ಕಳಿಗೆ ಹೆಚ್ಚು ನಾಟಿತು ಎಂದು ನನ್ನ ಅನಿಸಿಕೆ.

ಎಷ್ಟು ಸ್ವಾಪ್ ಕೊಡಬೇಕು? ‘ರ‍್ಯಾಮಿನ ಎರಡರಷ್ಟು’ ಎಂಬ ಹಳೆಯ ನಿಯಮ ಇನ್ನೂ ಚಲಾವಣೆಯಲ್ಲಿದೆ. ಮೆಮೊರಿಯನ್ನು ಎಂಬಿ ಲೆಕ್ಕದಲ್ಲಿ ಅಳೆಯುತ್ತಿದ್ದ ಕಾಲಕ್ಕೆ ಅದು ಸರಿ. 16 ಜಿಬಿ ಇರುವ ಯಂತ್ರಕ್ಕೆ 32 ಜಿಬಿ ಬಿಟ್ಟಿಡುವುದಕ್ಕೆ ಸಾಮಾನ್ಯ ಬಳಕೆಯಲ್ಲಿ ಅರ್ಥವಿಲ್ಲ. ರ‍್ಯಾಮಿನಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದು ಮಲಗುವ ಹೈಬರ್ನೇಟ್ ಸೌಲಭ್ಯ ಬೇಕೆಂದರೆ ರ‍್ಯಾಮಿನಷ್ಟಾದರೂ ಸ್ವಾಪ್ ಇರುವುದು ಕ್ಷೇಮ. ಶಾಲೆಯಲ್ಲಿ ಸಂಜೆ ಎಲ್ಲ ಆರಿಸಿ ಬೀಗ ಹಾಕುವವರಿಗೆ ಅದರ ಗೊಡವೆಯಿಲ್ಲ. 2 ಜಿಬಿ ರ‍್ಯಾಮಿಗೆ 2 ಜಿಬಿ ಸ್ವಾಪ್ ಎಂದು ನಾನು ನಿಲ್ಲಿಸಿದೆ. 160 ಜಿಬಿ ಡಿಸ್ಕಿನಲ್ಲಿ ಅದು ನೂರಕ್ಕೆ ಒಂದೂಕಾಲು ಭಾಗ. ‘ಸ್ವಾಪಿನೆಸ್’ ಎಂಬ ತಿರುಪೊಂದಿದೆ, ಮೊದಲೇ ಇರುವ ಬೆಲೆ 60. ಅದನ್ನು 10ಕ್ಕೆ ಇಳಿಸಿ ಎಂದು ಸಲಹೆ ಕೊಡುವವರು ಬಹಳ. ಅಳೆಯದೆ ತಿರುಗಿಸಬೇಡಿ ಎಂಬುದಷ್ಟೇ ನನ್ನ ಮಾತು.

ಈಗ ಗಣಿತ ಬೋಧಕರ ಗಮನಕ್ಕೆ. ಘಾತಾಂಕಗಳ ಪಾಠಕ್ಕೆ ನಾವು ಯಾವಾಗಲೂ ಸೂರ್ಯನ ದೂರ, ಬ್ಯಾಕ್ಟೀರಿಯಾದ ಗಾತ್ರ ಎನ್ನುತ್ತೇವೆ. ಎರಡೂ ಮಗುವಿನ ಕೈಗೆ ಸಿಗುವುದಿಲ್ಲ. 2 ಜಿಬಿ ಎಂದರೆ 2ರ ಘಾತ 31 ಬೈಟು, ಒಂದು ಪುಟ 2ರ ಘಾತ 12 ಬೈಟು. ಹಾಗಾದರೆ ನಮ್ಮ ಅಟ್ಟದಲ್ಲಿ ಎಷ್ಟು ಪುಟ ಹಿಡಿಯುತ್ತದೆ? ಘಾತಗಳನ್ನು ಕಳೆದರೆ 2ರ ಘಾತ 19, ಅಂದರೆ 5,24,288. ಪಠ್ಯದ ನಿಯಮ ಅಲ್ಲೇ ಕುಳಿತಿದೆ. ಇನ್ನು ವೇಗ. ರ‍್ಯಾಮಿನಿಂದ ಒಂದು ತುಣುಕು ತರಲು ಸುಮಾರು 100 ನ್ಯಾನೊಸೆಕೆಂಡು, ತಿರುಗುವ ಡಿಸ್ಕಿನಲ್ಲಿ ಮುಳ್ಳು ಸರಿದು ಜಾಗ ಹಿಡಿಯಲು ಸುಮಾರು 10 ಮಿಲಿಸೆಕೆಂಡು. ಒಂದು 10ರ ಘಾತ ಋಣ 7, ಇನ್ನೊಂದು 10ರ ಘಾತ ಋಣ 2. ಅನುಪಾತ ಒಂದು ಲಕ್ಷ. ಕಟ್ಟೆಯ ಮೇಲಿನ ಪಾತ್ರೆ ತೆಗೆಯಲು ಒಂದು ಸೆಕೆಂಡು ಬೇಕಾದರೆ ಅಟ್ಟದಿಂದ ಇಳಿಸಲು ಎಷ್ಟು? ಮಕ್ಕಳು ಒಂದು ಲಕ್ಷ ಸೆಕೆಂಡನ್ನು 3600ರಿಂದ ಭಾಗಿಸಿ 27 ಗಂಟೆ ದಾಟಿದಾಗ ತರಗತಿಯಲ್ಲಿ ಗದ್ದಲವೇ ಎದ್ದಿತು. ‘ಅಷ್ಟು ಹೊತ್ತು ಅಟ್ಟದಲ್ಲೇ ನಿದ್ದೆ ಮಾಡಿದರೇನು ಸರ್’ ಎಂದು ಹಿಂದಿನ ಬೆಂಚಿನಿಂದ ಮಾತು ಬಂತು.

ಈ ಲಕ್ಷಪಟ್ಟು ಅಂತರವೇ ಸ್ವಾಪಿನ ಮಿತಿಯನ್ನೂ ಹೇಳುತ್ತದೆ. ಅಟ್ಟ ದೊಡ್ಡದಾದ ಮಾತ್ರಕ್ಕೆ ಕಟ್ಟೆ ದೊಡ್ಡದಾಗುವುದಿಲ್ಲ. ಒಮ್ಮೆಗೇ ಬೇಕಾದ ಪುಟಗಳು ರ‍್ಯಾಮಿಗಿಂತ ಹೆಚ್ಚಾದರೆ ಯಂತ್ರ ಏರಿಸುವುದು ಇಳಿಸುವುದರಲ್ಲೇ ಹೊತ್ತು ಕಳೆಯುತ್ತದೆ. ಪೀಟರ್ ಡೆನ್ನಿಂಗ್ 1968ರಲ್ಲಿ ಇದರ ಕಾರಣವನ್ನು ವಿವರಿಸಿ ಬರೆದರು. ‘ಥ್ರ್ಯಾಷಿಂಗ್’ ಎಂಬ ಹೆಸರಿನಲ್ಲಿ ನಾವು ಪದವಿಯಲ್ಲಿ ಓದುವುದು ಅದನ್ನೇ. ಆದ್ದರಿಂದ ಸ್ವಾಪ್ ಕೊಟ್ಟ ಮೇಲೆ ಯಂತ್ರ ಹಾರಾಡುತ್ತದೆ ಎಂದು ಮುಖ್ಯ ಶಿಕ್ಷಕರಿಗೆ ಮಾತು ಕೊಡುವುದು ಸರಿಯಲ್ಲ. ಆ 14ರಲ್ಲಿ 12 ಯಂತ್ರಗಳಲ್ಲಿ ಜಿಯೋಜೀಬ್ರಾ ಮತ್ತು ಒಂದು ಬ್ರೌಸರ್ ಪುಟ ಒಟ್ಟಿಗೆ ನಡೆದವು. ಕಿಟಕಿ ಬದಲಿಸುವಾಗ ನಾಲ್ಕೈದು ಸೆಕೆಂಡು ಕಾಯಬೇಕಿತ್ತು. ಮಕ್ಕಳು ಕಾದರು, ಪವರ್ ಗುಂಡಿ ಒತ್ತಲಿಲ್ಲ. ಉಳಿದ ಎರಡರ ಡಿಸ್ಕಿನಲ್ಲೇ ದೋಷವಿತ್ತು. ಅಂಥ ಡಿಸ್ಕಿನ ಮೇಲೆ ಸ್ವಾಪ್ ಇಟ್ಟರೆ ತೊಂದರೆ ಹೆಚ್ಚುವುದರಿಂದ ಅವನ್ನು ಮುಟ್ಟಲಿಲ್ಲ. ರದ್ದು ಪಟ್ಟಿಯಲ್ಲಿ ಅವೆರಡೇ ಉಳಿದವು.

ರ‍್ಯಾಮನ್ನೇ ಹೆಚ್ಚಿಸಬಾರದೇ ಎಂದು ಕೇಳುವವರಿದ್ದಾರೆ. ಖಂಡಿತ ಹೆಚ್ಚಿಸಬೇಕು, ಅದೇ ಸರಿಯಾದ ಉತ್ತರ. ಆದರೆ ಹಳೆಯ ಮದರ್‌ಬೋರ್ಡಿಗೆ ಹೊಂದುವ ಪಟ್ಟಿ ಹುಡುಕಬೇಕು, ದರಪಟ್ಟಿ ತರಿಸಬೇಕು, ಎಸ್‌ಡಿಎಂಸಿ ಸಭೆಯಲ್ಲಿ ಒಪ್ಪಿಗೆ ಪಡೆಯಬೇಕು. ಸ್ವಾಪ್‌ಗೆ ಮುಖ್ಯ ಶಿಕ್ಷಕರ ಒಂದು ಲಿಖಿತ ಅನುಮತಿ ಮತ್ತು ಯಂತ್ರಕ್ಕೆ ಹತ್ತು ನಿಮಿಷ ಸಾಕು. ಅನುಮತಿಯ ಮಾತನ್ನು ಒತ್ತಿ ಹೇಳುತ್ತೇನೆ: ಪ್ರಶಿಕ್ಷಣಾರ್ಥಿಗಳಾದ ನಾವು ಆ ಶಾಲೆಗೆ ಅತಿಥಿಗಳು, ನಿರ್ವಾಹಕರ ಗುಪ್ತಪದ ಕೇಳುವುದು ಬೀರುವಿನ ಕೀಲಿ ಕೇಳಿದಂತೆ.

‘ಇದು ತಂತ್ರಜ್ಞನ ಕೆಲಸ, ಶಿಕ್ಷಕನದಲ್ಲ’ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಮ್ಮ ಕಾಲೇಜಿನ ವಿಚಾರಗೋಷ್ಠಿಯಲ್ಲೂ ಇದು ಬಂತು. ಶಿಕ್ಷಕನ ಮೇಲೆ ಗಣತಿಯಿಂದ ಬಿಸಿಯೂಟದ ಲೆಕ್ಕದವರೆಗೆ ಏನೆಲ್ಲ ಹೇರಿದೆ ಎಂದು ನೋಡಿದರೆ ಆ ಆಕ್ಷೇಪಕ್ಕೆ ಗೌರವ ಕೊಡಲೇಬೇಕು. ಆದರೂ ಒಂದು ಮಾತು. ಭೌತಶಾಸ್ತ್ರದ ಶಿಕ್ಷಕರು ಪ್ರಯೋಗಾಲಯದಲ್ಲಿ ಶುಷ್ಕಕೋಶದ ತುದಿಗಳನ್ನು ಉಜ್ಜಿ ಸ್ವಚ್ಛ ಮಾಡುತ್ತಾರೆ, ಸಡಿಲವಾದ ತಂತಿಯನ್ನು ಬಿಗಿ ಮಾಡುತ್ತಾರೆ. ಅದಕ್ಕೆ ಎಲೆಕ್ಟ್ರಿಷಿಯನ್‌ನನ್ನು ಕರೆಯುವುದಿಲ್ಲ, ಏಕೆಂದರೆ ಅದನ್ನು ಮಾಡುವಾಗಲೇ ಸಂಪರ್ಕ ರೋಧದ ಪಾಠ ನಡೆಯುತ್ತದೆ. ಮದರ್‌ಬೋರ್ಡ್ ಸುಟ್ಟರೆ ತಂತ್ರಜ್ಞರನ್ನು ಕರೆಯೋಣ. ಮೆಮೊರಿಯ ಲೆಕ್ಕ ಓದುವುದು ತಂತಿ ಬಿಗಿ ಮಾಡುವ ಜಾತಿಗೆ ಸೇರಿದ್ದು.

ಆ ಲೆಕ್ಕ ಓದುವುದನ್ನೂ ಕಲಿಸಬೇಕಾಗುತ್ತದೆ. ‘ಫ್ರೀ’ ತೋರಿಸುವ ಪಟ್ಟಿಯಲ್ಲಿ ‘ಖಾಲಿ’ ಎಂಬ ಅಂಕಣ ಸದಾ ಚಿಕ್ಕದಿರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಸುಮ್ಮನಿರುವ ರ‍್ಯಾಮನ್ನು ಲಿನಕ್ಸ್ ಇತ್ತೀಚೆಗೆ ಓದಿದ ಕಡತಗಳಿಗೆ ಬಳಸಿಕೊಂಡಿರುತ್ತದೆ, ಕೇಳಿದ ಕೂಡಲೇ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ಕೊನೆಯ ‘ಲಭ್ಯ’ ಎಂಬ ಅಂಕಣ.

ಮೌಲ್ಯಮಾಪನದ ಬಗ್ಗೆ ಒಂದು ಪ್ರಶ್ನೆಯನ್ನು ಇಲ್ಲಿ ಇಡುತ್ತೇನೆ, ಬೇಕಾದವರು ಬಳಸಬಹುದು. ‘ಉಳಿಸದ ಚಿತ್ರವೊಂದರ ಪುಟಗಳು ಸ್ವಾಪ್‌ಗೆ ಹೋಗಿವೆ. ಆಗ ಕರೆಂಟು ಹೋಯಿತು. ಚಿತ್ರ ಉಳಿಯುತ್ತದೆಯೇ?’ ತರಗತಿಯಲ್ಲಿ ಹೆಚ್ಚಿನವರು ಉಳಿಯುತ್ತದೆ ಎಂದರು. ಕಾರಣವೂ ತರ್ಕಬದ್ಧವಾಗಿತ್ತು: ರ‍್ಯಾಮ್ ಅಳಿಯುತ್ತದೆ, ಡಿಸ್ಕ್ ಅಳಿಯುವುದಿಲ್ಲ, ಸ್ವಾಪ್ ಡಿಸ್ಕಿನಲ್ಲಿದೆ. ಆದರೆ ಯಾವ ಪುಟ ಯಾರದ್ದು, ಎಲ್ಲಿಟ್ಟಿದ್ದೇವೆ ಎಂಬ ಪಟ್ಟಿ ಕರ್ನಲ್ ಬಳಿ ರ‍್ಯಾಮಿನಲ್ಲಿತ್ತು. ಪಟ್ಟಿ ಹೋಯಿತು. ಯಂತ್ರ ಮತ್ತೆ ಎದ್ದಾಗ ಅಟ್ಟವನ್ನು ಖಾಲಿ ಎಂದೇ ಎಣಿಸಿ ಹೊಸದಾಗಿ ತುಂಬುತ್ತದೆ. ಗ್ರಂಥಾಲಯದ ಸೂಚಿ ಸುಟ್ಟರೆ ಪುಸ್ತಕ ಇದ್ದೂ ಇಲ್ಲದಂತೆ ಎಂದು ನಾನು ಹೇಳುವ ಮೊದಲೇ ಒಬ್ಬ ಹುಡುಗ ‘ಹಾಜರಿ ಪುಸ್ತಕ ಕಳೆದುಹೋದ ಹಾಗೆ’ ಎಂದ. ಅವನ ಹೋಲಿಕೆಯನ್ನೇ ಕರಿಹಲಗೆಯ ಮೇಲೆ ಬರೆದೆ. ಸ್ಮರಣಶಕ್ತಿಯ ಅಧ್ಯಾಯದ ‘ರ‍್ಯಾಮ್ ತಾತ್ಕಾಲಿಕ, ಡಿಸ್ಕ್ ಶಾಶ್ವತ’ ಎಂಬ ಒಂದು ಸಾಲಿನ ಉತ್ತರ ಎಷ್ಟು ಅರೆಬರೆ ಎಂಬುದು ಈ ಒಂದು ಪ್ರಶ್ನೆಯಿಂದ ಹೊರಬರುತ್ತದೆ.

ಬೋಧಕರಲ್ಲಿ ಒಂದು ವಿನಂತಿಯೂ ಇದೆ. ಮನೋವಿಜ್ಞಾನದ ಪತ್ರಿಕೆಯಲ್ಲಿ ಮಿಲ್ಲರ್ 1956ರಲ್ಲಿ ಹೇಳಿದ ಏಳರ ಆಸುಪಾಸಿನ ಮಿತಿಯನ್ನು ಕಲಿಸುವಾಗ, ಬ್ಯಾಡ್ಲಿ ಮತ್ತು ಹಿಚ್ ಅವರ 1974ರ ಕಾರ್ಯಸ್ಮೃತಿಯನ್ನು ವಿವರಿಸುವಾಗ, ‘ಮಿದುಳು ಗಣಕದಂತೆ’ ಎಂಬ ಹೋಲಿಕೆ ಸುಲಭವಾಗಿ ಬಾಯಿಗೆ ಬರುತ್ತದೆ. ಸ್ವಾಪ್ ಗೊತ್ತಿದ್ದವರು ಇದನ್ನು ಇನ್ನಷ್ಟು ಬೆಳೆಸಬಹುದು, ನಾನೂ ಬೆಳೆಸಬಲ್ಲೆ. ಆದರೆ ಅಟ್ಟಕ್ಕೆ ಹೋದ ಪುಟ ಒಂದು ಬಿಟ್ಟೂ ಬದಲಾಗದೆ ಮರಳುತ್ತದೆ. ಮನುಷ್ಯನ ನೆನಪು ಹಾಗಲ್ಲ. ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂದು ಬಾರ್ಟ್ಲೆಟ್ 1932ರಲ್ಲೇ ತೋರಿಸಿದ್ದಾರೆ. ಮಕ್ಕಳ ಮರೆವನ್ನು ‘ಜಾಗ ತುಂಬಿದೆ’ ಎಂದು ವಿವರಿಸುವ ಚಾಳಿ ಶಿಕ್ಷಕರ ಕೊಠಡಿಯಲ್ಲಿ ಈಗಾಗಲೇ ಬೇಕಾದಷ್ಟಿದೆ.

ಪ್ರಯೋಗವನ್ನು ಸೇರಿಸುವುದಾದರೆ ಹೀಗೆ ಮಾಡಬಹುದು ಎಂದು ನನ್ನ ಸಲಹೆ. ಮೂರು ಸ್ಲೈಡ್ ಪ್ರದರ್ಶನಗಳಲ್ಲಿ ಒಂದನ್ನು ಕೈಬಿಡಬೇಕು. ಆ ಅವಧಿಯಲ್ಲಿ ಇಬ್ಬಿಬ್ಬರು ಪ್ರಶಿಕ್ಷಣಾರ್ಥಿಗಳಿಗೆ ಕಾಲೇಜಿನ ಒಂದು ಹಳೆಯ ಯಂತ್ರ. ‘ಸ್ವಾಪ್‌ಆಫ್’ ಎಂದು ಇರುವ ಸ್ವಾಪನ್ನು ನಿಲ್ಲಿಸಿ, ಒಂದೊಂದೇ ಕಿಟಕಿ ತೆರೆಯುತ್ತ ‘ಲಭ್ಯ’ ಅಂಕಣವನ್ನು ಬರೆದುಕೊಳ್ಳಬೇಕು, ಯಂತ್ರ ಎಷ್ಟನೆಯ ಕಿಟಕಿಗೆ ಬಿಗಿಯಿತು ಎಂದು ಗುರುತು ಮಾಡಬೇಕು. ಆಮೇಲೆ ಸ್ವಾಪ್ ಕಡತ ಮಾಡಿ ಅದೇ ಕಿಟಕಿಗಳನ್ನು ಅದೇ ಕ್ರಮದಲ್ಲಿ ತೆರೆಯಬೇಕು. ಎರಡು ಅಂಕಣದ ಪಟ್ಟಿ, ಒಂದು ನಕ್ಷೆ, ನಾಲ್ಕು ಸಾಲಿನ ವಿವರಣೆ. ಆದೇಶಗಳ ಕಾಗುಣಿತಕ್ಕೆ ಅಂಕ ಬೇಡ, ಚೀಟಿ ನೋಡಿಕೊಂಡೇ ಕೊಡಲಿ. ನಕ್ಷೆ ಯಾಕೆ ಆ ಜಾಗದಲ್ಲಿ ಬಾಗಿತು ಎಂಬ ವಿವರಣೆಗೆ ಅಂಕ ಇರಲಿ. ಕಲಾ ವಿಭಾಗದಿಂದ ಬಂದ ಸಹಪಾಠಿಗಳು ಇದು ತಮಗೆ ಕಷ್ಟ ಎನ್ನಬಹುದು. ಅಟ್ಟದ ಪ್ರಶ್ನೆ ಕೇಳಿದ ಹುಡುಗಿಗೆ 14 ವರ್ಷ. ನಮ್ಮ ಕಾಲೇಜಿನ ಪ್ರಯೋಗಾಲಯದ ಕೊನೆಯ ಸಾಲಿನಲ್ಲಿ ಬಟ್ಟೆ ಹೊದಿಸಿಟ್ಟ ಆರು ಯಂತ್ರಗಳಿವೆ, ಈ ಕೆಲಸಕ್ಕೆ ಅವು ಸಾಕು.